ಮೂಡಲಗಿಯಲ್ಲಿ ಕಾಲು ನೋಡುವ ಗೌರಕ್ಕ

ಗೌರಕ್ಕನ ಸೂಜಿ ವರ್ಷದಲ್ಲಿ ಹನ್ನೊಂದು ತಿಂಗಳು ಕೌದಿ ಹೊಲಿಯುತ್ತದೆ, ಉಳಿದ ಒಂದು ತಿಂಗಳು ಮಂದಿಯ ಕಾಲು ಹೊಲಿಯುತ್ತದೆ ಎಂದು ನಮ್ಮೂರಲ್ಲಿ ಚೇಷ್ಟೆ ಮಾಡುತ್ತಾರೆ. ಮಾತು ಪೂರ್ತಿ ಸುಳ್ಳಲ್ಲ.

ನಮ್ಮದು ಹುಕ್ಕೇರಿ ತಾಲೂಕಿನ ಒಂದು ಸಣ್ಣ ಊರು. ಯುಗಾದಿಗೆ ಮೂರು ವಾರ ಇರುವಾಗ ಇಲ್ಲಿಂದ ಇಪ್ಪತ್ತೆಂಟು ಮೂವತ್ತು ಮಂದಿ ಶ್ರೀಶೈಲಕ್ಕೆ ನಡೆದು ಹೋಗುತ್ತಾರೆ. ಹದಿನೆಂಟು ದಿನದ ದಾರಿ. ಎಲ್ಲರ ಮುಂದೆ ಮಹಾಂತೇಶನ ಹೆಗಲ ಮೇಲೆ ಕಂಬಿ, ಅಂದರೆ ಶ್ರೀಶೈಲದ ದೇವರು ಮಲ್ಲಯ್ಯನ ಗುರುತಾಗಿ ಬಣ್ಣದ ಬಟ್ಟೆ ಸುತ್ತಿ ಗೆಜ್ಜೆ ಕಟ್ಟಿದ ಬಿದಿರು. ಎಲ್ಲರ ಹಿಂದೆ ರೊಟ್ಟಿ, ಹಾಸಿಗೆ, ಪಾತ್ರೆ ತುಂಬಿದ ಒಂದು ಟೆಂಪೊ. ನಡುವೆ ನಾವು. ಶಾಲೆಯಿಂದ ನಿವೃತ್ತನಾದ ಮೇಲೆ ನಾನೂ ಸೇರಿಕೊಂಡೆ. ಈ ಸಲ ನನ್ನದು ನಾಲ್ಕನೆಯ ನಡಿಗೆ, ಗೌರಕ್ಕನದು ಇಪ್ಪತ್ತನೆಯದು.

ಇಷ್ಟು ನಡೆದರೆ ಎಂಥವರ ಅಂಗಾಲಿನಲ್ಲೂ ಗುಳ್ಳೆ ಏಳುತ್ತವೆ. ಸಂಜೆ ವಸ್ತಿಗೆ ಇಳಿದ ಕೂಡಲೇ ಗೌರಕ್ಕ ಒಂದು ಬೋಗುಣಿ ಉಗುರುಬೆಚ್ಚನೆಯ ಉಪ್ಪುನೀರು ಇಟ್ಟುಕೊಂಡು ಕುಕ್ಕರಗಾಲಲ್ಲಿ ಕೂರುತ್ತಾಳೆ. ಸೂಜಿಯನ್ನು ದೀಪದ ಉರಿಯಲ್ಲಿ ಕಾಸುತ್ತಾಳೆ. ಅರಿಶಿನದೆಣ್ಣೆಯಲ್ಲಿ ಅದ್ದಿದ ಬಿಳಿ ದಾರವನ್ನು ಪೋಣಿಸಿ, ಗುಳ್ಳೆಯ ಈ ಬದಿಯಿಂದ ಆ ಬದಿಗೆ ಹಾಯಿಸಿ, ದಾರವನ್ನು ಅಲ್ಲೇ ಬಿಟ್ಟು ತುದಿ ಕತ್ತರಿಸುತ್ತಾಳೆ. ಒಳಗಿನ ನೀರು ದಾರದ ಗುಂಟ ತಾನಾಗಿ ಇಳಿಯುತ್ತದೆ. ಮೇಲಿನ ಚರ್ಮ ಹರಿಯುವುದಿಲ್ಲ. ಬೆಳಿಗ್ಗೆ ಎದ್ದವನು ಹಾಗೇ ನಡೆಯಬಹುದು. ಕೌದಿಯ ಮೇಲೆ ಅವಳ ಹೊಲಿಗೆ ಜೋಳದ ಸಾಲಿನ ಹಾಗೆ ನೇರವಾಗಿರುತ್ತದೆ. ಕಾಲಿನ ಮೇಲೂ ಹಾಗೆಯೇ. ಒಮ್ಮೆ ನನ್ನ ಎಡಗಾಲಿನಲ್ಲಿ ಮೂರು ಗುಳ್ಳೆ ಹೊಲಿದು, "ಮಾಸ್ತರ, ಅಂಚು ಹಾಕಿ ಕೊಡ್ಲೇನ್ರಿ?" ಎಂದು ಕೇಳಿದ್ದಳು.

ದಾರಿಯ ದಿನಚರಿ ಎಂದೂ ಬದಲಾಗುವುದಿಲ್ಲ. ಬೆಳಗಿನ ನಾಲ್ಕಕ್ಕೆ ಚಹಾ. ತಂಪಿದ್ದಾಗ ನಡೆದು ಹತ್ತು ಗಂಟೆಯ ಹೊತ್ತಿಗೆ ಯಾವುದಾದರೂ ಹುಣಸೆಮರ ಹಿಡಿಯುವುದು. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಮೊಸರು, ದಾರಿಯ ಊರಿನವರು ಕೊಟ್ಟರೆ ಅನ್ನ ಸಾರು. ಬಿಸಿಲು ಇಳಿಯುವವರೆಗೆ ನಿದ್ದೆ. ನಾಲ್ಕಕ್ಕೆ ಎದ್ದು ಮತ್ತೆ ಏಳರವರೆಗೆ ನಡಿಗೆ. ಬಾವಿಯಲ್ಲಿ ಒಗೆದ ಸೀರೆ ಒಣಗಲು ಯಾರೂ ಕಾಯುವುದಿಲ್ಲ. ಇಬ್ಬರು ಹೆಂಗಸರು ಎರಡು ತುದಿ ಹಿಡಿದುಕೊಂಡು ನಡೆದರೆ ಅರ್ಧ ಹರದಾರಿಯಲ್ಲಿ ಒಣಗಿರುತ್ತದೆ. ಎದುರಿನಿಂದ ಕಬ್ಬು ಹೇರಿದ ಟ್ರ್ಯಾಕ್ಟರು ಹಾಡು ಹಚ್ಚಿಕೊಂಡು ಬಂದರೆ ಸೀರೆಯೂ ನಡೆಯುವವರೂ ಒಟ್ಟಿಗೆ ರಸ್ತೆಯಿಂದ ಕೆಳಗಿಳಿಯುತ್ತಾರೆ.

ಈ ದಿನಚರಿಗೆ ಒಂದೇ ಒಂದು ಪರೀಕ್ಷೆ. ಮೂರನೆಯ ದಿನ ನಾವು ಮೂಡಲಗಿ ಮುಟ್ಟುತ್ತೇವೆ. ಅಲ್ಲಿ ಗೌರಕ್ಕ ಪ್ರತಿಯೊಬ್ಬರ ಕಾಲು ನೋಡುತ್ತಾಳೆ. ಬರೀ ಗುಳ್ಳೆಯಾದರೆ ದಾರ ಹಾಕಿ ಮುಂದಕ್ಕೆ ಕಳಿಸುತ್ತಾಳೆ. ಚರ್ಮ ಹರಿದು ಕೆಂಪು ಮಾಂಸ ಕಂಡರೆ ಬಸ್ಸು ಹತ್ತಿಸಿ ಊರಿಗೆ ಕಳಿಸುತ್ತಾಳೆ. ಅಲ್ಲಿಂದ ಊರು ದೂರವಲ್ಲ. ಗೋಕಾಕದಲ್ಲಿ ಬಸ್ಸು ಬದಲಿಸಿದರೆ ಮಧ್ಯಾಹ್ನದ ಊಟಕ್ಕೆ ಮನೆಯಲ್ಲಿರಬಹುದು. ಟೆಂಪೊದಲ್ಲಿ ಕೂರಿಸಿಕೊಳ್ಳಿ ಎಂದು ಕಾಲಿಗೆ ಬಿದ್ದವರಿದ್ದಾರೆ. "ಟೆಂಪೊ ರೊಟ್ಟಿಗೆ, ಕಾಲಿಗಲ್ಲ" ಎನ್ನುವುದು ಅವಳ ಉತ್ತರ.

ಆ ಕಾನೂನು ಸುಮ್ಮನೆ ಬಂದದ್ದಲ್ಲ. ಹಿಂದೆ ಅವಳ ಗಂಡ ಕೇದಾರಿಯೂ ನಡೆಯುತ್ತಿದ್ದ. ಅವನಿಗೆ ಸಕ್ಕರೆ ಕಾಯಿಲೆ. ಒಂದು ವರ್ಷ ಹರಿದ ಹೆಬ್ಬೆರಳನ್ನು ಎಲ್ಲರಿಂದ ಮುಚ್ಚಿಟ್ಟ. ಗೊತ್ತಾದ ಮೇಲೆ ಟೆಂಪೊದಲ್ಲಿ ಕೂರಿಸಿದರು. ಆದರೆ ಬೇರೆಯವರು ನಡೆಯುವುದನ್ನು ನೋಡುತ್ತ ಕೂರುವುದು ಅವನಿಂದಾಗಲಿಲ್ಲ. ಇಳಿದು ನಡೆಯುತ್ತಿದ್ದ, ಮತ್ತೆ ಹತ್ತುತ್ತಿದ್ದ. ಕಡೆಗೆ ಎರಡು ಬೆರಳು ಹೋದವು. ಈಗ ಅವನು ಮನೆಯ ಕಟ್ಟೆಯ ಮೇಲೆ ಕುಳಿತು ಹೋಗಿಬರುವವರಿಗೆಲ್ಲ ಹೇಳುತ್ತಾನೆ: "ನೋಡ್ರಿ, ಎರಡು ಬಳ್ಳು ಕೊಟ್ಟು ಈ ಕಾಯ್ದೆ ತಂದೇನಿ. ನನ್ನ ಹೇಣ್ತಿ ಹಂಗ ಜಡ್ಜ್ ಆಗಿಲ್ಲ."

ಈ ಜಡ್ಜ್‌ ಅಮ್ಮನ ಕೈಗೆ ಅತಿ ಹೆಚ್ಚು ಸಿಕ್ಕಿಬಿದ್ದವನು ಹಿಟ್ಟಿನ ಗಿರಣಿಯ ಸದಾಶಿವ. ನಲವತ್ತೈದರ ದಢೂತಿ ಮನುಷ್ಯ. ಮೀಸೆಯ ಮೇಲೆ ಯಾವಾಗಲೂ ಜೋಳದ ಹಿಟ್ಟು. ಸತತ ಮೂರು ವರ್ಷ ಹೊರಟ, ಮೂರು ವರ್ಷವೂ ಮೂಡಲಗಿಯಿಂದ ತಿರುಗಿದ. ಮೊದಲ ಸಲ ಹೊಸ ಚಪ್ಪಲಿ ಕಚ್ಚಿತ್ತು. ಎರಡನೆಯ ಸಲ ಕಾಲುಚೀಲದೊಳಗೆ ಗಾಯ ಬಚ್ಚಿಟ್ಟಿದ್ದ. ಮೂರನೆಯ ಸಲ ಮಹಾಂತೇಶನ ಹಾಗೆ ಬರಿಗಾಲಲ್ಲಿ ನಡೆಯುತ್ತೇನೆಂದು ಹಟ ಹಿಡಿದಿದ್ದ. ಪ್ರತಿ ಸಲವೂ ಊರ ಮಂದಿ ಸೇರಿ ಹಲಗೆ ಬಡಿದು ಕಳಿಸುವುದು, ನಾಲ್ಕನೆಯ ದಿನ ಅವನ ಗಿರಣಿ ಮತ್ತೆ ಕೂಗುವುದು. ಗಿರಣಿಯ ಸದ್ದು ಕೇಳಿದರೆ ಸಾಕು, "ಸದಾಶಿವಪ್ಪ ಶ್ರೀಶೈಲ ಮುಗಿಸಿಕೊಂಡು ಬಂದ್ರು" ಎಂದು ಹೆಂಗಸರು ಸೆರಗು ಬಾಯಿಗಿಟ್ಟು ನಗುತ್ತಿದ್ದರು.

ಈ ವರ್ಷ ಅವನು ಎರಡು ತಿಂಗಳು ಮೊದಲೇ ದಿನಾ ಬೆಳಿಗ್ಗೆ ಹಳೆಯ ಚಪ್ಪಲಿ ಮೆಟ್ಟಿ, ಹೆಗಲ ಮೇಲೆ ಅರ್ಧ ಚೀಲ ಹಿಟ್ಟು ಹೊತ್ತು ಊರು ಸುತ್ತಿದ. ಸಂಜೆ ಹರಳೆಣ್ಣೆ ಹಚ್ಚಿ ಅಂಗಾಲು ತಿಕ್ಕಿದ.

ಗೌರಕ್ಕನಿಗೂ ಈ ವರ್ಷ ಬೇರೆ ವರ್ಷಗಳಂತಿರಲಿಲ್ಲ. ನಮ್ಮ ಕಡೆಯವರಿಗೆ ಶ್ರೀಶೈಲದ ಮಲ್ಲಯ್ಯ ಅಳಿಯ, ಅಲ್ಲಿಯ ಭ್ರಮರಾಂಬೆ ಮನೆಮಗಳು. ಮಗಳ ಮನೆಗೆ ಬರಿಗೈಯಲ್ಲಿ ಹೋಗುವುದುಂಟೆ? ಊರವರೆಲ್ಲ ಸೇರಿ ಒಂದು ಇಳಕಲ್ಲ ಸೀರೆ, ಕುಪ್ಪಸದ ಖಣ, ಹಸಿರು ಬಳೆ, ಅರಿಶಿನ ಕುಂಕುಮ ಒಂದು ಗಂಟು ಕಟ್ಟಿ ಕಳಿಸುತ್ತಾರೆ. ಇದಕ್ಕೆ ತವರಿನ ಉಡಿ ಎನ್ನುತ್ತಾರೆ. ಇದನ್ನು ಒಬ್ಬಳೇ ಹೆಂಗಸು ಊರಿಂದ ಹೊತ್ತು ಒಯ್ಯಬೇಕು; ಆಗದಿದ್ದರೆ ತಾನೇ ಇನ್ನೊಬ್ಬಳ ಮಡಿಲಿಗೆ ಹಾಕಬೇಕು. ಮುಟ್ಟಿಸುವಾಗ ಊರಿನ ಒಂದು ವರ್ಷದ ಸುದ್ದಿಯನ್ನೆಲ್ಲ ದೇವಿಗೆ ಹೇಳಬೇಕು. ಯಾರ ಮನೆಯಲ್ಲಿ ತೊಟ್ಟಿಲು ಕಟ್ಟಿದರು, ಯಾರ ಎಮ್ಮೆ ಈದಿತು, ಯಾರು ತೀರಿಕೊಂಡರು, ಯಾವ ಜಗಳ ಬಗೆಹರಿಯಿತು, ಎಲ್ಲ. ಹೊರುವವರು ಯಾರೆಂದು ಚೀಟಿ ಎತ್ತುತ್ತಾರೆ. ಹತ್ತೊಂಬತ್ತು ವರ್ಷ ಗೌರಕ್ಕನ ಹೆಸರು ಬರಲಿಲ್ಲ. ಈ ವರ್ಷ ಬಂತು. ಅಂದಿನಿಂದ ಅವಳು ಕೌದಿ ಹೊಲಿಯುತ್ತ ತುಟಿ ಅಲ್ಲಾಡಿಸುವುದನ್ನು ನಾನೇ ಕಂಡಿದ್ದೇನೆ. ಸುದ್ದಿ ಬಾಯಿಪಾಠ ಮಾಡುತ್ತಿದ್ದಳು.

ಅದೇ ಹೊತ್ತಿಗೆ ಬೂಟು ಬಂತು. ಮೊಮ್ಮಗಳು ನಂದಿನಿ ಅರಭಾವಿಯ ತೋಟಗಾರಿಕೆ ಕಾಲೇಜಿನಲ್ಲಿ ಓದುತ್ತಾಳೆ. ಸಂಕ್ರಾಂತಿಗೆ ಊರಿಗೆ ಬಂದವಳು ಅಜ್ಜಿಯ ಸವೆದ ಚಪ್ಪಲಿ ನೋಡಿ, ಗೋಕಾಕದಿಂದ ಒಂದು ಜೊತೆ ಓಡುವವರ ಬೂಟು ತಂದುಕೊಟ್ಟಳು. ಬಿಳಿಯ ಬೂಟು, ಕೆಂಪು ಪಟ್ಟೆ, ಹಿಮ್ಮಡಿಯಲ್ಲಿ ಮೆತ್ತನೆಯ ದಿಂಬು.

ಹೊಸ ಪಾದರಕ್ಷೆ ದಾರಿಗೆ ತರಬಾರದು, ಹದಿನೈದು ದಿನ ಹೊಲದಲ್ಲಿ ಮೆಟ್ಟಿ ಹಳತು ಮಾಡಿಕೊಳ್ಳಬೇಕು ಎಂದು ಪ್ರತಿ ವರ್ಷ ಎಲ್ಲರಿಗೂ ಹೇಳುವವಳೇ ಗೌರಕ್ಕ. ಆದರೆ ನಮ್ಮ ಊರಲ್ಲಿ ಇನ್ನೊಂದು ಪದ್ಧತಿಯೂ ಇದೆ. ಹೊಸ ಸೀರೆಯಾಗಲಿ, ಹೊಸ ಧೋತರವಾಗಲಿ, ಮೊದಲ ಸಲ ಉಡುವುದು ಮಲ್ಲಯ್ಯನ ದಾರಿಗೆ. ಮನೆಯಲ್ಲಿ ಉಟ್ಟು ಮಾಸಿದ್ದನ್ನು ದೇವರ ದಾರಿಗೆ ಉಡುವುದಿಲ್ಲ. ಬಟ್ಟೆಯ ಈ ಪದ್ಧತಿಯನ್ನು ಅವಳು ಬೂಟಿಗೂ ಹಚ್ಚಿದಳು. ಎರಡು ತಿಂಗಳು ಪೆಟ್ಟಿಗೆಯಲ್ಲಿ ದೇವರ ಜಗಲಿಯ ಹತ್ತಿರ ಇಟ್ಟು, ಹೊರಡುವ ದಿನ ಬೆಳಿಗ್ಗೆ ಮೊದಲ ಸಲ ಹಾಕಿಕೊಂಡಳು.

"ಗೌರಕ್ಕ, ಹೊಸಾವಲ್ಲ?" ಎಂದೆ.

"ಮತ್ತ? ಕಬ್ಬಿನ ಹೊಲದಾಗ ಹಾಕ್ಕೊಂಡು ರಾಡಿ ಮಾಡಿ ಆಮ್ಯಾಲ ಮಗಳ ಮನಿಗೆ ಹೋಗ್ಲೇನ್ರಿ ಮಾಸ್ತರ? ನಾಳಿ ಅರಭಾವ್ಯಾಗ ಕೂಸು ಗೇಟಿಗೆ ನಿಂತಿರತಾಳ. ಆಯಿ ಬೂಟು ಹಾಕ್ಕೊಂಡು ಬಂದ್ಳು ಅಂತ ನಾಕು ಮಂದಿಗೆ ತೋರಸಾಕ ಬ್ಯಾಡೇನು?"

ಉಡಿಯ ಗಂಟು ತಲೆಯ ಮೇಲೆ, ಬೂಟು ಕಾಲಲ್ಲಿ. ಮೊದಲ ದಿನ ಘಟಪ್ರಭಾದವರೆಗೆ ಅವಳೇ ಎಲ್ಲರಿಗಿಂತ ಮುಂದೆ. ಎರಡನೆಯ ದಿನ ಹೊತ್ತೇರುವಾಗ ಗೋಕಾಕ ಸೇರಿದೆವು. ಉಡಿಗೆ ಕರದಂಟು ಅಲ್ಲಿಯೇ ಕೊಳ್ಳುವುದು ವಾಡಿಕೆ. ಮಗಳಿಗೆ ತವರಿನ ಸಿಹಿ ಬೇಡವೆ? ಅಂಗಡಿಯ ಕಟ್ಟೆಯ ಮೇಲೆ ಕುಳಿತು ಗೌರಕ್ಕ ಒಂದು ತುಣುಕು ಬಾಯಿಗೆ ಹಾಕಿಕೊಂಡಳು, ಇನ್ನೊಂದನ್ನು ಗಂಟಿಗೆ ಸೇರಿಸಿದಳು. ಎದ್ದು ನಿಂತಾಗ ಒಂದು ಕ್ಷಣ ಕಂಬ ಹಿಡಿದುಕೊಂಡಳು. ನಾನು ಅದನ್ನು ನೋಡಿಯೂ ಗಮನಿಸಲಿಲ್ಲ. ಗಮನಿಸಿದವನು ಸದಾಶಿವ.

ಗೋಕಾಕ ದಾಟಿ ಅರಭಾವಿಯ ರಸ್ತೆ ಹಿಡಿದಾಗ ಅವನು ಬೇಕೆಂದೇ ಹಿಂದುಳಿದು ಅವಳ ಬಾಜೂ ನಡೆಯತೊಡಗಿದ. ನಾನು ಎರಡು ಹೆಜ್ಜೆ ಹಿಂದೆ ಇದ್ದೆ.

"ಯಾಕ ಅಕ್ಕಾ, ಬಲಗಾಲು ಹೊರಬದಿ ಹಾಕಾಕತ್ತೀರಿ?"

"ರಸ್ತೆ ಓರಿ ಐತಿ."

"ರಸ್ತೆ ನನಗೂ ಅದ ಐತಿ. ನಂದು ನೆಟ್ಟಗ ಬೀಳಾಕತ್ತೈತಿ."

"ನಿನ್ನ ಭಾರಕ್ಕ ರಸ್ತೀನ ನೆಟ್ಟಗಾಗತೈತಿ. ಮುಂದ ನಡಿ."

ಸದಾಶಿವ ನಕ್ಕ. "ಎರಡನೇ ವರ್ಷ ನಾನೂ ಹಿಂಗ ನಡದಿದ್ದೆ, ಗೌರಕ್ಕ. ಕಾಲುಚೀಲದಾಗ ಹತ್ತಿ ಇಟಗೊಂಡು. ನೀವ ಹಿಡದ್ರಿ."

ಗೌರಕ್ಕ ತಲೆಯ ಮೇಲಿನ ಗಂಟು ಸರಿಮಾಡಿಕೊಂಡಳು. ಸ್ವಲ್ಪ ದೂರ ಹೋದ ಮೇಲೆ, "ಯಾರಿಗೂ ಹೇಳಬ್ಯಾಡ" ಎಂದಳು. ಅವಳ ಬಾಯಲ್ಲಿ ಇಂಥ ಮಾತನ್ನು ನಾನು ಹಿಂದೆಂದೂ ಕೇಳಿರಲಿಲ್ಲ.

"ನಾ ಯಾಕ ಹೇಳಲಿ? ಕಾಲು ನೋಡೂದು ನಿಮ್ಮ ಕೆಲಸ" ಎಂದು ಸದಾಶಿವ ಮುಂದೆ ಹೋದ.

ಅರಭಾವಿಯ ಕಾಲೇಜಿನ ಗೇಟಿನಲ್ಲಿ ನಂದಿನಿ ಗೆಳತಿಯರ ದಂಡು ಕಟ್ಟಿಕೊಂಡು ನಿಂತಿದ್ದಳು. ಎಲ್ಲರಿಗೂ ಕಲ್ಲಂಗಡಿ ಹೋಳು ಹಂಚಿದರು. ಅಜ್ಜಿಯ ಬೂಟಿನ ಫೋಟೊ ತೆಗೆದರು, ಬೂಟಿನ ಸಂಗಡ ಅಜ್ಜಿಯದೂ ತೆಗೆದರು.

"ಆಯಿ, ಹೆಂಗದಾವ ಬೂಟು?"

"ಹತ್ತಿ ಮ್ಯಾಲ ನಡದಂಗ ಆಗತೈತಿ, ಕೂಸು" ಎಂದಳು ಗೌರಕ್ಕ. ಸದಾಶಿವನಿಗೆ ಕಲ್ಲಂಗಡಿ ಗಂಟಲಲ್ಲಿ ಸಿಕ್ಕು ಕೆಮ್ಮು ಬಂತು.

ಅಂದು ಸಂಜೆ ಎಲ್ಲರ ಗುಳ್ಳೆಗೆ ದಾರ ಹಾಕಿದಳು. ತನ್ನ ಬೂಟು ಮಾತ್ರ ಬಿಚ್ಚಲಿಲ್ಲ. ಚಪ್ಪಲಿಗೆ ಬದಲಿಸಬಹುದಿತ್ತು, ಆದರೆ ಚಪ್ಪಲಿಯಲ್ಲಿ ಹಿಮ್ಮಡಿ ಕಾಣುತ್ತದೆ. ಮೂರನೆಯ ದಿನ ಕಲ್ಲೋಳಿ ದಾಟುವ ಹೊತ್ತಿಗೆ ಅವಳು ಎಲ್ಲರಿಗಿಂತ ಹಿಂದೆ ಇದ್ದಳು. ತಲೆಯ ಮೇಲಿನ ಗಂಟನ್ನು ಸುಮನ್ ಎನ್ನುವ ಹುಡುಗಿ, ನಮ್ಮೂರ ಅಂಗನವಾಡಿಯ ಟೀಚರು, "ಸ್ವಲ್ಪ ನಾ ಹಿಡೀತೇನಿ, ಕೊಡ್ರಿ ಅತ್ತಿ" ಎಂದು ಕೇಳಿದಾಗ ಗೌರಕ್ಕ ಸಿಡುಕಿದಳು. ಸುಮನ್‌ಗೆ ಇದು ಮೊದಲ ನಡಿಗೆ. ಅವಳು ಎರಡು ಹೆಜ್ಜೆ ಹಿಂದೆ ಸರಿದಳು.

ಮೂಡಲಗಿಯಲ್ಲಿ ನಮ್ಮ ವಸ್ತಿ ಊರ ಹೊರಗಿನ ಒಂದು ಬೆಲ್ಲದ ಗಾಣದ ಅಂಗಳದಲ್ಲಿ. ಗಾಣದ ಯಜಮಾನ ಸೋಮಶೇಖರ ಕಬ್ಬಿನ ಹಾಲು ಕೊಟ್ಟ, ಬಿಸಿ ಬೆಲ್ಲವನ್ನು ಎಲೆಯ ಮೇಲೆ ಹಾಕಿ ಕೊಟ್ಟ, ಕೊಪ್ಪರಿಗೆಯ ಬಾಜೂ ಕಾಯುತ್ತಿದ್ದ ನೀರನ್ನೂ ಕೊಟ್ಟ. ಕಾಲು ನೋಡಲು ಬೆಳಕು ಬೇಕೆಂದು ಅಂದು ಬೇಗ ನಿಂತಿದ್ದೆವು, ಹೊತ್ತು ಇಳಿಯಲು ಇನ್ನೂ ಎರಡು ತಾಸಿತ್ತು. ಉದ್ದನೆಯ ಕಲ್ಲುಕಟ್ಟೆಯ ಮೇಲೆ ಎಲ್ಲರೂ ಸಾಲಾಗಿ ಕುಳಿತು ಕಾಲು ಇಳಿಬಿಟ್ಟೆವು. ಗೌರಕ್ಕ ಬೋಗುಣಿ ಹಿಡಿದು ಸಾಲಿನ ಒಂದು ತುದಿಯಿಂದ ಹೊರಟಳು.

ಮಹಾಂತೇಶನ ಅಂಗಾಲು ತಟ್ಟಿ, "ಇದು ಕಾಲಲ್ಲ, ಹಂಚು. ಇದರ ಮ್ಯಾಲ ರೊಟ್ಟಿ ಬಡೀಬಹುದು" ಎಂದಳು. ನನ್ನ ಕಾಲು ನೋಡಿ, "ಮಾಸ್ತರದು ಪಾಸ್, ಆದ್ರ ಮೂವತ್ತೈದ ಮಾರ್ಕು" ಎಂದಳು. ಸುಮನ್‌ಳ ಕಿರುಬೆರಳಿಗೆ ಎರಡು ದಾರ ಹಾಕಿ ಬೆನ್ನು ಸವರಿದಳು. ಕಡೆಗೆ ಸದಾಶಿವ. ಅವನು ಧೋತರ ಮೊಣಕಾಲಿಗೆ ಏರಿಸಿ ಎರಡೂ ಕಾಲನ್ನು ಒಟ್ಟಿಗೆ ಮುಂದೆ ಚಾಚಿದ. ಒಂದು ಗುಳ್ಳೆಯಿಲ್ಲ, ಒಂದು ಬಿರುಕಿಲ್ಲ. ಗೌರಕ್ಕ ಬೆರಳುಗಳ ನಡುವೆ ಕೂಡ ಹುಡುಕಿದಳು.

"ಏನಾರ ಸಿಗತೈತೇನು ನೋಡ್ರಿ ಅಕ್ಕಾ. ಸಿಗಲಿಲ್ಲಂದ್ರ ಮನಿಗೆ ಕಳಸಾಕ ಬರೂದಿಲ್ಲ."

ಎಲ್ಲರೂ ನಕ್ಕರು. "ಪಾಸ್" ಎಂದಳು ಗೌರಕ್ಕ. ಅಂಗಳದಲ್ಲಿ ಚಪ್ಪಾಳೆ ಬಿತ್ತು. ಸದಾಶಿವ ಕಟ್ಟೆಯಿಂದ ಇಳಿದ. ಹೊರಟುಹೋಗುತ್ತಾನೆಂದು ನಾವು ತಿಳಿದರೆ, ಅವನು ಬೋಗುಣಿಯನ್ನು ತನ್ನ ಕಡೆ ಎಳೆದುಕೊಂಡು ನೆಲದ ಮೇಲೆ ಕುಳಿತ.

"ಇನ್ನ ನಿಮ್ದು."

ಮಹಾಂತೇಶನಿಗೆ ಇದು ಸರಿ ಕಾಣಲಿಲ್ಲ. "ಏ ಸದಾಶಿವ, ಇಪ್ಪತ್ತು ವರ್ಷದಾಗ ಅಕ್ಕನ ಕಾಲು ಯಾರೂ ನೋಡಿಲ್ಲ. ಆಕಿ ಕಾಲು ಆಕಿಗೆ ಗೊತ್ತಿರತೈತಿ. ಏಳು."

ಗೌರಕ್ಕ ಸುಮ್ಮನಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಯಾರೂ ಮತ್ತೆ ಕೇಳುತ್ತಿರಲಿಲ್ಲ. ಅವಳ ಕೈ ಉಡಿಯ ಗಂಟಿನ ಮೇಲಿತ್ತು. ಹತ್ತೊಂಬತ್ತು ವರ್ಷ ಕಾದು ಸಿಕ್ಕ ಗಂಟು. ಸದಾಶಿವನೂ ಒತ್ತಾಯ ಮಾಡಲಿಲ್ಲ; ಬೋಗುಣಿಯ ನೀರಿನಲ್ಲಿ ಬೆರಳಾಡಿಸುತ್ತ ತಲೆ ತಗ್ಗಿಸಿಕೊಂಡಿದ್ದ.

ಗೌರಕ್ಕ ಕಟ್ಟೆಯ ಮೇಲೆ ಕುಳಿತಳು. ಬಲಗಾಲಿನ ಬೂಟಿನ ಲಾಡಿಗೆ ಕೈ ಹಾಕಿದಳು. ಗಂಟು ಬಿಚ್ಚಲು ಬರಲಿಲ್ಲ. ಲಾಡಿಯ ಗಂಟು ಅವಳಿಗೆ ಹೊಸದು. ಸುಮನ್ ಬಂದು ಬಿಚ್ಚಿದಳು. ಬೂಟಿನೊಳಗಿಂದ ಕೌದಿಗೆ ತುಂಬುವ ಹತ್ತಿ ಉಂಡೆ ಉಂಡೆಯಾಗಿ ಬಿತ್ತು. ಹಿಮ್ಮಡಿಯ ಮೇಲೆ ಅಂಗೈಯಗಲ ಚರ್ಮ ಹೋಗಿ ಕೆಂಪಗೆ ಕಾಣುತ್ತಿತ್ತು.

ಕಟ್ಟೆಯ ಮೇಲಿದ್ದವರು ಒಬ್ಬೊಬ್ಬರಾಗಿ ಎದ್ದು ಸುತ್ತ ನೆರೆದರು.

"ನೀನ ಹೇಳಪಾ ಸದಾಶಿವ" ಎಂದಳು ಗೌರಕ್ಕ. "ಈ ಕಾಲು ನಿಂದಾಗಿದ್ರ ನಾ ಏನ್ ಅಂತಿದ್ದೆ?"

"ಬಸ್ ಅಂತಿದ್ರಿ." ಅವನು ತಲೆ ಎತ್ತಲಿಲ್ಲ. "ಆದ್ರ ಅಕ್ಕಾ, ನಾ ಹಂಗ ಅನ್ನಾಕ ಒಲ್ಲೆ. ಬಚ್ಚಿಟ್ರ ಏನಾಗತೈತಿ ಅನ್ನೂದು ಕೇದಾರಿ ಕಾಕಾನ ಕಾಲಾಗ ನೋಡೇನಿ, ಅದಕ್ಕ ಬಿಚ್ಚಸಿದೆ. ಮುಂದಿಂದು ನೀವ ಹೇಳ್ರಿ."

ಮಹಾಂತೇಶ, "ಎರಡು ದಿನ ಟೆಂಪೊದಾಗ ಕುಂಡ್ರಲಿ. ಉಡಿ ಆಕಿ ಕೈಯಾಗ ಇರಲಿ. ಯಾರ ಬ್ಯಾಡ ಅಂತಾರ?" ಎಂದ. ಎಲ್ಲರೂ ಹೌದು ಹೌದು ಎಂದರು. ನಾನೂ ಎಂದೆ. ನಿಯಮಗಳನ್ನು ಕಲಿಸಿಯೇ ನನ್ನ ಆಯುಷ್ಯ ಕಳೆದಿದೆ; ಆದರೂ ಆ ಹೊತ್ತಿನಲ್ಲಿ ನಿಯಮ ಮುರಿಯಲಿ ಎಂದೇ ನನ್ನ ಮನಸ್ಸು ಬೇಡುತ್ತಿತ್ತು.

"ಟೆಂಪೊ ಯಾತಕ್ಕ?" ಎಂದಳು ಗೌರಕ್ಕ.

ಉತ್ತರವನ್ನೂ ತಾನೇ ಹೇಳಿದಳು: "ರೊಟ್ಟಿಗೆ. ನಾನೇನ್ ರೊಟ್ಟಿ ಅಲ್ಲ. ಟೆಂಪೊದಾಗ ಕುಂತ್ರ ನಾ ಸುಮ್ಮ ಕುಂಡ್ರತೇನೇನು? ನಮ್ಮ ಮನಿಯಾವ ಕುಂತನೇನು? ನೀವು ಹಾಡಕೊಂತ ನಡದ್ರ ಮೂರನೇ ದಿನ ಜಿಗದು ಕೆಳಗ ನಿಂತಿರತೇನಿ. ನಾಳಿ ಮುಂಜಾನೆ ಬಸ್ಸಿಗೆ ಹೋಗ್ತೇನಿ. ಮುಗೀತು."

ಕಣ್ಣು ತುಂಬಿತ್ತೋ ಏನೋ, ಕೊಪ್ಪರಿಗೆಯ ಹೊಗೆ ಅಂಗಳಕ್ಕೆ ತಿರುಗಿತ್ತು, ಗೊತ್ತಾಗಲಿಲ್ಲ. ಅವಳು ಹೆಚ್ಚು ಹೊತ್ತು ಹಾಗೆ ಕೂರುವವಳೂ ಅಲ್ಲ. ಸೂಜಿ, ದಾರ, ಎಣ್ಣೆಯ ಡಬ್ಬಿ ತೆಗೆದು ಸದಾಶಿವನ ಮುಂದೆ ಇಟ್ಟಳು.

"ನನಗ ಯಾಕ?" ಎಂದು ಅವನು ಹಿಂದೆ ಸರಿದ.

"ಗಿರಣಿ ಕಲ್ಲಿಗೆ ಉಳಿ ಹಿಡದು ಹಲ್ಲು ಹಾಕೂ ಕೈ ನಿಂದು. ನಡಗೂದಿಲ್ಲ. ಮ್ಯಾಲ ಮೂರು ವರ್ಷ ನನ್ನ ಮುಂದ ಕಾಲು ಚಾಚಿ ಪಾಠ ಕಲತೀದಿ. ಇವರಾಗ ನಿನ್ನಷ್ಟು ಪಾಠ ಕಲತವರು ಯಾರದಾರ? ನನ್ನ ಕಾಲಿಗೆ ಮೊದ್ಲ ಎಣ್ಣಿ ಹಚ್ಚು, ನೋಡೂಣು."

ಅವನು ಹಚ್ಚಿದ. "ಸಾವಕಾಶ, ಅದು ಜೋಳದ ಚೀಲಲ್ಲ" ಎಂದು ಅವಳು ಬೈದಳು. ಆಗ ಎಲ್ಲರಿಗೂ ಉಸಿರು ಬಂತು.

ಉಡಿಯ ಗಂಟನ್ನು ಸುಮನ್‌ಳ ಮಡಿಲಿಗೆ ಹಾಕಿದಳು. ಹಗಲು ಸಿಡುಕಿದ್ದಕ್ಕೆ ಬೇರೆ ಮಾತೇನೂ ಆಡಲಿಲ್ಲ. ಆ ಹುಡುಗಿಯನ್ನು ಹತ್ತಿರ ಕೂರಿಸಿಕೊಂಡು ಊರ ಸುದ್ದಿ ಹೇಳಿಕೊಡತೊಡಗಿದಳು. ಸತ್ತೆಪ್ಪನಿಗೆ ಅವಳಿ ಮಕ್ಕಳು. ಯಲ್ಲಾರಿಯ ಬಾವಿಗೆ ನೀರು ಬಿತ್ತು. ಗುಡ್ಡವ್ವ ಆಯಿಯ ಕಣ್ಣಿನ ಪೊರೆ ತೆಗೆಸಿದರು, ಈಗ ಅವಳಿಗೆ ಎಲ್ಲರ ಸೊಸೆಯರ ತಪ್ಪೂ ಕಾಣುತ್ತದೆ. ಸುಮನ್ ಅಂಗನವಾಡಿಯ ಮಕ್ಕಳ ಹಾಗೆ ಒಂದೊಂದನ್ನೂ ತಿರುಗಿ ಒಪ್ಪಿಸಿದಳು. ತಪ್ಪಿದರೆ ಗೌರಕ್ಕ ಮೊದಲಿನಿಂದ ಹೇಳಿಸಿದಳು.

ಮರುದಿನ ನಮ್ಮೆಲ್ಲರನ್ನೂ ಮುಂದೆ ಕಳಿಸಿ, ಸದಾಶಿವ ಅವಳನ್ನು ಬಸ್‌ಸ್ಟ್ಯಾಂಡಿಗೆ ಕರೆದೊಯ್ದ. ಬೂಟು ಅವನ ಕೈಯಲ್ಲಿ ಜೋತಾಡುತ್ತಿತ್ತು. ಅವಳನ್ನು ಹತ್ತಿಸಿ, ಓಡುತ್ತ ಬಂದು ನಮ್ಮನ್ನು ಕೂಡಿಕೊಂಡವನು ಆ ಮಾತುಕತೆ ಹೇಳಿ ನಮ್ಮನ್ನು ನಗಿಸಿದ. ಅವನು ಅವಳಿಗೆ ಹೇಳಿದ್ದು ಇಷ್ಟು: "ಬಲಗಡಿ ಕುಂಡ್ರಿ ಅಕ್ಕಾ, ಎಡಗಡಿ ಬಿಸಲ ಬಡೀತೈತಿ. ಗೋಕಾಕದಾಗ ಇಳದ ಕೂಡಲೇ ಹುಕ್ಕೇರಿ ಗಾಡಿ ಹುಡಕಬ್ಯಾಡ್ರಿ, ಅದು ಅರ್ಧ ತಾಸು ತಡಾ ಬರತೈತಿ. ಕ್ಯಾಂಟೀನದಾಗ ಮಂಡಕ್ಕಿ ಭಜಿ ಛಲೋ ಮಾಡತಾರ. ಊರಾಗ ಇಳಿಯೂ ಮುಂದ ತಲಿ ಮ್ಯಾಲ ಸೆರಗ ಹಾಕ್ಕೋರಿ, ಮಂದಿ ನಗತಾರ. ಮೂರು ದಿನ ನಗತಾರ, ಆಮ್ಯಾಲ ಮರೀತಾರ." ಗೌರಕ್ಕ ಎಲ್ಲವನ್ನೂ ಕೇಳಿ, "ನೀ ಎಷ್ಟ ಶಾಣ್ಯಾ ಅದೀ ಅಂತ ಇಷ್ಟು ವರ್ಷ ಗೊತ್ತ ಇರಲಿಲ್ಲ ನೋಡು" ಎಂದಳಂತೆ.

ಅಂದು ಸಂಜೆಯೇ ಮಹಾಂತೇಶನ ಫೋನಿಗೆ ಗೌರಕ್ಕನ ವಿಡಿಯೊ ಕರೆ ಬಂತು. ಕೇದಾರಿಯ ಫೋನು, ಹಿಡಿದವನೂ ಅವನೇ. ಮೊದಲು ಅವನ ಎರಡು ಬೆರಳಿಲ್ಲದ ಕಾಲು ಕಂಡಿತು, ಆಮೇಲೆ ಅದರ ಬಾಜೂ ಬಟ್ಟೆ ಸುತ್ತಿದ ಅವಳ ಕಾಲು, ಆಮೇಲೆ ಅವಳ ಮುಖ.

"ಸಾಲಾಗಿ ಕುಂಡ್ರಸು ಎಲ್ಲರ್ನೂ. ಒಬ್ಬೊಬ್ಬರ್ದ ತೋರಸು" ಎಂದಳು.

ಅಂದಿನಿಂದ ಪ್ರತಿ ಸಂಜೆ ಏಳಕ್ಕೆ ನಾವು ಕಾಲು ಚಾಚಿ ಕೂರುವುದು, ಸದಾಶಿವ ಒಂದು ಕೈಯಲ್ಲಿ ಫೋನು ಇನ್ನೊಂದರಲ್ಲಿ ಸೂಜಿ ಹಿಡಿದು ಸಾಲಿನ ಗುಂಟ ಸಾಗುವುದು. "ಇನ್ನಷ್ಟು ಹತ್ರ ಹಿಡಿ. ಅದು ಗುಳ್ಳಿ ಅಲ್ಲ, ಕೆಸರು, ತೊಳಿ." "ಅಂಚಿನಾಗ ಚುಚ್ಚು, ನಟ್ಟನಡಕ ಚುಚ್ಚಿದ್ರ ಹರೀತೈತಿ." ಬಾಗಲಕೋಟೆ ದಾಟಿದೆವು, ದೊಡ್ಡ ಹೊಳೆ ದಾಟಿದೆವು, ಮಾತು ಬದಲಾದ ಸೀಮೆಗೆ ಬಂದೆವು, ಏಳು ಗಂಟೆಯ ಕಾಲಿನ ಪರೀಕ್ಷೆ ತಪ್ಪಲಿಲ್ಲ. ಊರಲ್ಲಿ ಆ ಹೊತ್ತಿಗೆ ಓಣಿಯ ಹೆಂಗಸರೆಲ್ಲ ಗೌರಕ್ಕನ ಕಟ್ಟೆಗೆ ಬಂದು ಕೂರುತ್ತಿದ್ದರಂತೆ. ತಮ್ಮ ತಮ್ಮ ಗಂಡಂದಿರ ಕಾಲನ್ನು ಫೋನಿನಲ್ಲಿ ಗುರುತು ಹಿಡಿಯುವುದು ಅವರಿಗೊಂದು ಆಟವಾಯಿತು. ಮಾಸ್ತರರ ಕಾಲು ಮಾತ್ರ ಕೊಕ್ಕರೆ ಕಾಲಿನ ಹಾಗಿದೆ, ಯಾರಾದರೂ ಗುರುತಿಸಬಹುದು ಎಂದು ನನ್ನ ಮನೆಯವಳು ಅಂದದ್ದು ನನಗೆ ತಿರುಗಿ ಬಂದ ಮೇಲೆ ತಿಳಿಯಿತು.

ಕಾಡಿನ ದಾರಿಯಲ್ಲಿ ಮೂರು ದಿನ ಫೋನಿಗೆ ಸಂಪರ್ಕ ಸಿಗಲಿಲ್ಲ. ಕಲ್ಲಿನ ಏರು, ಇಳಿಜಾರು. ಅತಿ ಹೆಚ್ಚು ಗುಳ್ಳೆ ಏಳುವುದೇ ಅಲ್ಲಿ. ಸದಾಶಿವ ಯಾರನ್ನೂ ಕೇಳದೆ ಒಬ್ಬನೇ ನೋಡಿಕೊಂಡ. ಯಾರ ಚರ್ಮವೂ ಹರಿಯಲಿಲ್ಲ. ಶಿಖರ ಕಂಡಾಗ ಎಲ್ಲರೂ ಕೈ ಮುಗಿದು ನಿಂತರೆ, ಅವನು ಒಂದು ಬಂಡೆಯ ಮೇಲೆ ಕುಳಿತು ತನ್ನ ಅಂಗಾಲನ್ನು ತಾನೇ ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದ, ಇದು ನನ್ನದೇ ಹೌದೋ ಅಲ್ಲವೋ ಎನ್ನುವ ಹಾಗೆ.

ಯುಗಾದಿಯ ಹಿಂದಿನ ದಿನ ಉಡಿ ಮುಟ್ಟಿತು. ಜನ ಕಿಕ್ಕಿರಿದಿದ್ದರು. ಸುಮನ್ ಗಂಟನ್ನು ಎದೆಗವಚಿಕೊಂಡು ಒಳಗೆ ಹೋದವಳು ಬೆವತು ಹೊರಗೆ ಬಂದಳು. ಬಂದ ಕೂಡಲೇ ಸದಾಶಿವ ಊರಿಗೆ ಫೋನು ಹಚ್ಚಿದ. ಗೌರಕ್ಕ ಕಟ್ಟೆಯ ಮೇಲೆ ಕುಳಿತಿದ್ದಳು. ಹಿಮ್ಮಡಿ ಮಾಯ್ದು ಹೊಸ ಚರ್ಮ ಬಂದಿತ್ತು. ಅದನ್ನು ಮೊದಲು ತೋರಿಸಿದಳು.

"ಕೊಟ್ಟೀ ಏನವ್ವಾ?"

"ಕೊಟ್ಟೆ ಅತ್ತಿ. ಸೀರಿ ಆಕಿ ಮುಂದ ಇಟ್ರು."

"ಸುದ್ದಿ ಹೇಳೀದಿ?"

"ಹೇಳ್ದೆ. ನೂಕಾಕತ್ತಿದ್ರು, ಲಗೂ ಲಗೂ ಹೇಳ್ದೆ. ಸತ್ತೆಪ್ಪ ಕಾಕಾಂದು, ಬಾವಿದು, ಗುಡ್ಡವ್ವ ಆಯಿದು, ಎಲ್ಲ."

ಗೌರಕ್ಕ ಫೋನಿನ ಹತ್ತಿರಕ್ಕೆ ಬಗ್ಗಿದಳು. "ನನ್ನ ಸುದ್ದಿ?"

"ಗೌರಕ್ಕ ಬರಬೇಕಾಗಿತ್ತವ್ವಾ, ಕಾಲು ನೋವಾಗಿ ಮೂಡಲಗಿಂದ ತಿರುಗಿ ಹೋದ್ರು, ಮುಂದಿನ ವರ್ಷ ಬರತಾರ ಅಂದೆ."

"ಅಷ್ಟ ಅಂದೀ ಹೌದಿಲ್ಲೊ? ಬೂಟಿಂದು ಹೇಳಲಿಲ್ಲಲ್ಲ?"

ಸುಮನ್ ನಮ್ಮ ಮುಖ ನೋಡಿದಳು. ಆಮೇಲೆ ನೆಲ ನೋಡಿದಳು.

"ಎಲ್ಲಾ ಸುದ್ದಿ ಹೇಳಬೇಕು, ಒಂದೂ ಬಿಡಬಾರ್ದು ಅಂತ ನೀವ ಹೇಳಿದ್ರಲ್ಲ ಅತ್ತಿ. ಹತ್ತಿ ಇಟ್ಟಿದ್ದೂ ಹೇಳ್ದೆ."

ಆ ಕಡೆಯಿಂದ ಮೊದಲು ನಕ್ಕವನು ಕೇದಾರಿ. ಫೋನು ಅವನ ಕೈಯಲ್ಲಿ ಎಷ್ಟು ಅಲ್ಲಾಡಿತೆಂದರೆ ನಮಗೆ ಒಮ್ಮೆ ಮನೆಯ ಮಾಡು, ಒಮ್ಮೆ ಅಂಗಳದ ಕೋಳಿ, ಒಮ್ಮೆ ಸೆರಗಿನಿಂದ ಮುಖ ಮುಚ್ಚಿಕೊಂಡು ನಗುತ್ತಿದ್ದ ಗೌರಕ್ಕ ಕಂಡಳು.